ಗಾಡಿ ಮಾರೋದು ತಾಲ್ಲೂಕಿನಲ್ಲಿ, ರಿಪೇರಿ ರಾಯಚೂರಿನಲ್ಲಿ: ಶೆಡ್ಡಿನಲ್ಲಿ ನಿಂತ ದಿನಗಳ ಲೆಕ್ಕ ಇಡೋರು ಯಾರು?

ರಾಯಚೂರು: ದೇವದುರ್ಗ, ಮಾನ್ವಿಯಲ್ಲಿ ಹೊಸ ಬೈಕ್ ತಗೊಳ್ಳೋದು ಈಗ ಅರ್ಧ ದಿನದ ಕೆಲಸ. ಆಧಾರ್, ಪ್ಯಾನ್ ಕಾರ್ಡ್, ಕೈಯಲ್ಲಿ ಒಂದಿಷ್ಟು ಡೌನ್ ಪೇಮೆಂಟ್ ಇದ್ದರೆ ಸಾಕು, ಫೈನಾನ್ಸ್ ಹುಡುಗ ಅಲ್ಲೇ ಕೂತು ಸಾಲ ಪಾಸ್ ಮಾಡಿಸ್ತಾನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲಂತೂ ಗಾಡಿ ಇನ್ನೂ ಕೈಗೆಟುಕುವಂತಾಗಿದೆ. ಹಾರ ಹಾಕಿ, ನಿಂಬೆಹಣ್ಣು ತುಳಿಸಿ, ಫೋಟೊ ಹೊಡೆಸಿಕೊಂಡು ಮನೆಗೆ ಹೋಗೋದಷ್ಟೇ ಬಾಕಿ.

ತೊಂದರೆ ಶುರುವಾಗೋದು ಗಾಡಿ ಮೊದಲ ಸಲ ಕೈಕೊಟ್ಟ ದಿನ. ಸೆಲ್ಫ್ ತಗೊಳ್ತಿಲ್ಲ, ಓಡುತ್ತಾ ಓಡುತ್ತಾ ಆಫ್ ಆಗ್ತದೆ, ಮೀಟರಿನಲ್ಲಿ ಹಳದಿ ಲೈಟ್ ಆರುತ್ತಿಲ್ಲ. ಮಾರಿದ ಅಂಗಡಿಗೆ ತಳ್ಳಿಕೊಂಡು ಹೋದರೆ ಬರೋ ಉತ್ತರ ಒಂದೇ: 'ಇದು ನಮ್ಮಲ್ಲಿ ಆಗಲ್ರೀ, ರಾಯಚೂರಿಗೆ ಒಯ್ರಿ.' ರಾಯಚೂರಿಗೆ ಒಯ್ದರೆ ಅಲ್ಲಿನ ಉತ್ತರ: 'ಪಾರ್ಟ್ ಆರ್ಡರ್ ಹಾಕೀವ್ರೀ, ಬಂದ ಮ್ಯಾಲ ಫೋನ್ ಮಾಡ್ತೀವಿ.' ಫೋನ್ ಮಾತ್ರ ಬರಲ್ಲ.

ನಿಂತ ಗಾಡಿಗೂ ಖರ್ಚಿದೆ

ಒಂದು ಉದಾಹರಣೆ ಲೆಕ್ಕ ಹಾಕೋಣ. ತಿಂಗಳಿಗೆ 3,600 ರೂಪಾಯಿ ಕಂತು ಇರೋ ಗಾಡಿ ಅಂದ್ಕೊಳ್ಳಿ. ದಿನಕ್ಕೆ 120 ರೂಪಾಯಿ ಆಯ್ತು. ಗಾಡಿ 20 ದಿನ ಶೆಡ್ಡಿನಲ್ಲಿ ನಿಂತರೆ, ಓಡಿಸದ ಗಾಡಿಗೆ 2,400 ರೂಪಾಯಿ ಕಟ್ಟಿದಂಗಾಯ್ತು. ಗಾಡಿ ಕೆಟ್ಟಿದೆ ಅಂತ ಫೈನಾನ್ಸ್ ಕಂಪನಿ ಒಂದು ದಿನದ ಕಂತೂ ಬಿಡಲ್ಲ. ಕಟ್ಟದಿದ್ದರೆ ದಂಡ, ಮೇಲೆ ಸಿಬಿಲ್ ಸ್ಕೋರ್ ಕೆಡ್ತದೆ.

ಇದರ ಮೇಲೆ ರಾಯಚೂರಿಗೆ ಓಡಾಟ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ಹೆಚ್ಚುಕಮ್ಮಿ 50 ಕಿ.ಮೀ. ಗಾಡಿ ಬಿಡೋಕೆ ಒಂದು ದಿನ, ಕೇಳೋಕೆ ಒಂದು ದಿನ, ತರೋಕೆ ಒಂದು ದಿನ. ಅಂಗಡಿಯವರಾದರೆ ಮೂರು ದಿನ ಬಾಗಿಲು ಹಾಕಬೇಕು, ಇಲ್ಲಾ ಇನ್ನೊಬ್ಬರನ್ನ ಕೂರಿಸಬೇಕು. ರೈತರಾದರೆ ಬಿತ್ತನೆ ಟೈಮಲ್ಲೋ, ಹತ್ತಿ ಬಿಡಿಸೋ ಟೈಮಲ್ಲೋ ಹೊಲಕ್ಕೆ ಆಳು ಒಯ್ಯೋಕೆ, ಗೊಬ್ಬರ ತರೋಕೆ ಬೇರೆ ಗಾಡಿ ಹುಡುಕಬೇಕು. ರಿಪೇರಿ ವಾರಂಟಿಯಲ್ಲಿ ಪುಕ್ಕಟೆ ಅಂತಾರೆ. ಕಾಯೋದಂತೂ ಪುಕ್ಕಟೆ ಅಲ್ಲ.

ಊರಿನ ಮೆಕ್ಯಾನಿಕ್ ಯಾಕೆ ಮಾಡಕ್ಕಾಗಲ್ಲ?

ಹಳೇ ಗಾಡಿ ಕೆಟ್ಟರೆ ಬಸ್ ಸ್ಟ್ಯಾಂಡ್ ಪಕ್ಕದ ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ, ಊದಿ, ಪ್ಲಗ್ ಉಜ್ಜಿ ಒಂದು ತಾಸಿನಲ್ಲಿ ಕಳಿಸ್ತಿದ್ದ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಗಾಡಿ ಮಾತ್ರ ಮಾರಬೇಕು ಅಂತ ನಿಯಮ ಬಂತು. ಅಲ್ಲಿಂದ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಜೊತೆಗೆ ಸೆನ್ಸರ್‌ಗಳು, ಅವುಗಳನ್ನ ನಡೆಸೋ ಇಸಿಯು ಅನ್ನೋ ಪುಟ್ಟ ಕಂಪ್ಯೂಟರ್ ಬಂತು. ಹೊಗೆ ಕಡಿಮೆ ಆಯ್ತು. ಆದ್ರೆ ತಪ್ಪು ಎಲ್ಲಿದೆ ಅಂತ ನೋಡೋಕೆ ಸ್ಕ್ಯಾನರ್ ಬೇಕು, ಸ್ಕ್ಯಾನರ್ ಓದೋಕೆ ತರಬೇತಿ ಬೇಕು.

ಊರಿನ ಮೆಕ್ಯಾನಿಕ್ ಗೊತ್ತಿದ್ದರೂ ಕೈ ಹಾಕಲ್ಲ. ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗ್ತದೆ ಅಂತ ಪುಸ್ತಕದಲ್ಲೇ ಬರೆದಿರ್ತಾರೆ. ಹಾಗಾಗಿ ಹೊಸ ಗಾಡಿಯವರಿಗೆ ಡೀಲರ್ ವರ್ಕ್‌ಶಾಪ್ ಬಿಟ್ಟರೆ ಬೇರೆ ದಾರಿನೇ ಇಲ್ಲ.

ಡೀಲರ್ ಕಡೆಯದ್ದೂ ಕೇಳಬೇಕು. ವಾರಂಟಿ ಪಾರ್ಟ್ ಅವರು ತಮ್ಮ ಮನಸ್ಸಿಗೆ ಬಂದಂಗೆ ಹಾಕಕ್ಕಾಗಲ್ಲ. ಕಂಪನಿಗೆ ಕ್ಲೇಮ್ ಕಳಿಸಬೇಕು, ಒಪ್ಪಿಗೆ ಬರಬೇಕು, ಡಿಪೋದಿಂದ ಪಾರ್ಟ್ ಬರಬೇಕು. ಹೆಚ್ಚು ಓಡದ ಇಸಿಯು, ವೈರಿಂಗ್ ಸೆಟ್‌ನಂಥ ಸಾಮಾನು ಸ್ಟಾಕ್ ಇಡೋಕೆ ದುಡ್ಡು ಹೂಡಬೇಕು. ಕಲಿತ ಹುಡುಗರು ಬೆಂಗಳೂರು, ಹೈದರಾಬಾದ್ ಕಡೆ ಹೋಗಿಬಿಡ್ತಾರೆ. ಇದೆಲ್ಲ ನಿಜ. ಆದ್ರೆ ಇದು ಡೀಲರ್ ಮತ್ತು ಕಂಪನಿ ನಡುವಿನ ಲೆಕ್ಕ. ಅವರಿಬ್ಬರ ನಡುವಿನ ತಡಕ್ಕೆ ಕಂತು ಕಟ್ಟೋನು ಗ್ರಾಹಕ ಆಗಿರೋದೇ ಸಮಸ್ಯೆ.

ಕಲಬುರಗಿಯಲ್ಲಿ ಆಗಿದ್ದು

ಈ ಸಿಟ್ಟು ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಪಕ್ಕದ ಕಲಬುರಗಿನೇ ಸಾಕ್ಷಿ. 2024ರ ಸೆಪ್ಟೆಂಬರ್ 10ರಂದು ಅಲ್ಲಿನ ಓಲಾ ಎಲೆಕ್ಟ್ರಿಕ್ ಶೋರೂಮಿಗೆ ಬೆಂಕಿ ಬಿತ್ತು. ಹಿಂದಿನ ತಿಂಗಳಷ್ಟೇ ಸುಮಾರು 1.4 ಲಕ್ಷ ಕೊಟ್ಟು ಸ್ಕೂಟರ್ ತಗೊಂಡಿದ್ದ ಯುವಕನನ್ನ ಪೊಲೀಸರು ಬಂಧಿಸಿದರು. ಕೊಂಡ ಕೆಲವೇ ದಿನಕ್ಕೆ ಗಾಡಿ ಕೆಟ್ಟಿತ್ತು, ಎಷ್ಟು ಸಲ ಓಡಾಡಿದರೂ ಸರಿ ಮಾಡಿಕೊಟ್ಟಿರಲಿಲ್ಲ ಅನ್ನೋದೇ ಸಿಟ್ಟಿನ ಕಾರಣ ಅಂತ ವರದಿಯಾಯ್ತು. ಆತ ವೃತ್ತಿಯಿಂದ ಮೆಕ್ಯಾನಿಕ್. ಅಲ್ಲಿದ್ದದ್ದು ಡೀಲರ್ ಅಂಗಡಿನೂ ಅಲ್ಲ. ಓಲಾ ಡೀಲರ್‌ಗಳಿಲ್ಲದೆ ತಾನೇ ನೇರ ಮಾರೋ ಕಂಪನಿ.

ಒಂದು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 7ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಓಲಾಗೆ ಶೋಕಾಸ್ ನೋಟಿಸ್ ಕೊಟ್ಟಿತು. 2023ರ ಸೆಪ್ಟೆಂಬರ್ 1ರಿಂದ 2024ರ ಆಗಸ್ಟ್ 30ರವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಈ ಒಂದು ಕಂಪನಿ ಮೇಲೆ 10,644 ದೂರು ಬಂದಿದ್ದವು. ಅದರಲ್ಲಿ 3,389 ದೂರು ಸರ್ವಿಸ್ ತಡದ್ದೇ. ಶೇ 99.1ರಷ್ಟು ದೂರು ಬಗೆಹರಿಸಿದ್ದೇವೆ ಅಂತ ಕಂಪನಿ ಆಮೇಲೆ ಹೇಳಿಕೊಂಡಿತು. ಪ್ರಾಧಿಕಾರ ಅಷ್ಟಕ್ಕೆ ಬಿಡದೆ ತನಿಖೆಗೆ ಆದೇಶಿಸಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೆಂಕಿ ಹಚ್ಚಿದ ಆರೋಪ ಹೊತ್ತವನ ಕೈಯಲ್ಲಿ ನ್ಯಾಯವಾದ ದೂರಿದ್ದರೂ ಕೊನೆಗೆ ಕೇಸು ಬಿದ್ದದ್ದು ಅವನ ಮೇಲೆ. ಫೋನ್ ಮಾಡಿ ದೂರು ಬರೆಸಿದ ಹತ್ತು ಸಾವಿರ ಜನ ಮಾತ್ರ ಕಂಪನಿಯನ್ನೇ ಉತ್ತರ ಕೊಡೋ ಜಾಗಕ್ಕೆ ತಂದು ನಿಲ್ಲಿಸಿದರು. ಕೌಂಟರ್ ಮುಂದೆ ಕೂಗಾಡಿದ್ದು ಎಲ್ಲೂ ದಾಖಲಾಗಲ್ಲ. ಬರೆಸಿದ್ದು ದಾಖಲಾಗ್ತದೆ.

ಕಾನೂನಿನಲ್ಲಿ ಏನಿದೆ?

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ರಕ್ಷಣಾ ಕಾಯ್ದೆ-2019 ತಾಲ್ಲೂಕಿನವರಿಗೆ ಕೆಲವು ಅನುಕೂಲ ಮಾಡಿಕೊಟ್ಟಿದೆ.

ಒಂದು, ಗ್ರಾಹಕ ಎಲ್ಲಿ ವಾಸ ಮಾಡ್ತಾನೋ ಅಲ್ಲೇ ಕೇಸ್ ಹಾಕಬಹುದು. ಕಂಪನಿ ಆಫೀಸು ಬೆಂಗಳೂರು, ಚೆನ್ನೈ, ದಿಲ್ಲಿ ಎಲ್ಲೇ ಇರಲಿ, ದೇವದುರ್ಗದವರು ರಾಯಚೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋದರೆ ಸಾಕು.

ಎರಡು, 5 ಲಕ್ಷದವರೆಗಿನ ವಸ್ತುವಿನ ದೂರಿಗೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಿಲ್ಲ, ತಾವೇ ವಾದ ಮಾಡಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು.

ಮೂರು, ಇದು ಅಂಗಡಿಯವರು ಗಮನಿಸಬೇಕಾದ್ದು. 'ನೀವು ಗಾಡಿ ವ್ಯಾಪಾರಕ್ಕೆ ಬಳಸ್ತೀರಿ, ನೀವು ಗ್ರಾಹಕರೇ ಅಲ್ಲ' ಅಂತ ಕಂಪನಿ ವಕೀಲರು ವಾದಿಸೋದುಂಟು. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸೋಕೆ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಅಂತ ಕಾಯ್ದೆಯಲ್ಲೇ ವಿವರಣೆ ಇದೆ. ಹಾಲು ಹಾಕೋನು, ತರಕಾರಿ ಮಾರೋನು, ಸಣ್ಣ ಕಿರಾಣಿಯವನು ಈ ವಿವರಣೆಯ ಆಸರೆ ಪಡೆಯಬಹುದು.

ಆದ್ರೆ ಒಂದು ಆಸೆ ಮೊದಲೇ ಕಡಿಮೆ ಮಾಡ್ಕೊಳ್ಳೋದು ಒಳ್ಳೇದು. 'ಗಾಡಿ ವಾಪಸ್ ತಗೊಂಡು ಹೊಸದು ಕೊಡಿ' ಅನ್ನೋದು ಸುಲಭಕ್ಕೆ ಸಿಗಲ್ಲ. ಮಾರುತಿ ಕಾರಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದ್ದು ಇಷ್ಟು: ವಾರಂಟಿ ಷರತ್ತು ಕೆಟ್ಟ ಪಾರ್ಟ್ ಬದಲಿಸೋಕೆ ಇದ್ದಾಗ, ಇಡೀ ಗಾಡಿ ಬದಲಿಸಿ ಅಂತ ಹೇಳಕ್ಕಾಗಲ್ಲ. ತಯಾರಿಕೆಯಲ್ಲೇ ದೋಷ ಇದೆ ಅಂತ ಸಾಬೀತು ಮಾಡೋಕೆ ತಜ್ಞರ ವರದಿ ಬೇಕಾಗ್ತದೆ. ಅದಕ್ಕಿಂತ ಸುಲಭವಾದದ್ದು ಸೇವೆಯಲ್ಲಿ ತಡ ಆಗಿದೆ, ಒಂದೇ ದೋಷ ಮತ್ತೆ ಮತ್ತೆ ಬಂದಿದೆ ಅಂತ ತೋರಿಸೋದು. ಅದಕ್ಕೆ ಬೇಕಾದ್ದು ತಾರೀಖು.

ಜಾಬ್ ಕಾರ್ಡ್ ಇಲ್ಲದೆ ಕೀಲಿ ಕೊಡಬೇಡಿ

ತಾಲ್ಲೂಕಿನವರು ಸೋಲೋದು ಇಲ್ಲೇ. ಪರಿಚಯದವರು ಅಂತ ಸಬ್ ಡೀಲರ್ ಅಂಗಡಿ ಮುಂದೆ ಗಾಡಿ ಬಿಟ್ಟು, ಕೀಲಿ ಕೊಟ್ಟು ಬರ್ತಾರೆ. ಅಲ್ಲಿಂದ ಯಾವಾಗಲೋ ಲಗೇಜ್ ಆಟೊದಲ್ಲಿ ರಾಯಚೂರಿಗೆ ಹೋಗ್ತದೆ. ಅಲ್ಲಿ ಜಾಬ್ ಕಾರ್ಡ್ ತೆಗೆಯೋದು ಪಾರ್ಟ್ ಬಂದ ಮೇಲೆ. ಆಗ ಕಂಪ್ಯೂಟರಿನಲ್ಲಿ ಗಾಡಿ ಬಂದಿದ್ದು ನಿನ್ನೆ, ಹೋಗಿದ್ದು ಇವತ್ತು. ನಡುವಿನ 20 ದಿನ ಕಾಗದದಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ಮಾಡಬೇಕಾದ್ದು ಇಷ್ಟು:

ಗಾಡಿ ಬಿಡೋ ದಿನವೇ ಜಾಬ್ ಕಾರ್ಡ್ ಕೇಳಿ. ದೋಷ ಏನು ಅಂತ ನಿಮ್ಮ ಮಾತಿನಲ್ಲೇ ಬರೆಸಿ. 'ಜನರಲ್ ಚೆಕಪ್' ಅಂತ ಬರೆದರೆ ಒಪ್ಪಬೇಡಿ. ಕಿ.ಮೀ ರೀಡಿಂಗ್, ಕೊಡೋ ತಾರೀಖು ಇರಲಿ.

ಜಾಬ್ ಕಾರ್ಡ್ ಕೊಡದಿದ್ದರೆ ಗಾಡಿ ಅಂಗಡಿ ಮುಂದೆ ನಿಂತಿರೋ ಫೋಟೊ ತೆಗೆದು ಅಂಗಡಿಯವರ ವಾಟ್ಸಾಪಿಗೇ ಕಳಿಸಿ. ತಾರೀಖು ಅಲ್ಲೇ ಬೀಳ್ತದೆ.

ಫೋನಿನಲ್ಲಿ 'ನಾಳೆ ಬಾ' ಅಂದರೆ, 'ಇವತ್ತು ಹೀಗೆ ಹೇಳಿದ್ರಿ' ಅಂತ ಒಂದು ಮೆಸೇಜ್ ಹಾಕಿ.

ಕಂಪನಿ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ನಂಬರ್ ತಗೊಳ್ಳಿ. ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸಹಾಯವಾಣಿಗೆ ಆದೇಶ ಮಾಡೋ ಅಧಿಕಾರ ಇಲ್ಲ. ಆದ್ರೆ ಅಲ್ಲಿಂದ ಹೋದ ದೂರು ಡೀಲರನ್ನ ದಾಟಿ ಕಂಪನಿಗೆ ಮುಟ್ಟುತ್ತದೆ. ಅದೂ ಬಗೆಹರಿಯದಿದ್ದರೆ ಆಯೋಗ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು.

ಎಲ್ಲರ ಗಾಡಿಗೂ ಅದೇ ದೋಷ ಇದ್ದರೆ?

ಒಮ್ಮೊಮ್ಮೆ ತಪ್ಪು ನಿಮ್ಮ ಗಾಡಿಯದ್ದಷ್ಟೇ ಆಗಿರಲ್ಲ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷಕ್ಕೆ ಕ್ಲಾಸಿಕ್, ಬುಲೆಟ್, ಮೀಟಿಯರ್ ಸೇರಿ 2,36,966 ಗಾಡಿ ವಾಪಸ್ ಕರೆಸಿತು. ಗಾಡಿ ಮಿಸ್‌ಫೈರ್ ಆಗೋದು, ಅಪರೂಪಕ್ಕೆ ಶಾರ್ಟ್ ಆಗೋ ಅಪಾಯ ಇತ್ತು. ಅಂಥ ದೋಷಕ್ಕೆ 'ಪೆಟ್ರೋಲ್ ಸರಿ ಇಲ್ಲ' ಅನ್ನೋ ಉತ್ತರ ಸಿಕ್ಕರೆ ಸುಮ್ಮನೆ ಒಪ್ಪಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಒಂದೇ ದೋಷದ ಬಗ್ಗೆ ಸಾಕಷ್ಟು ದೂರು ಬಂದರೆ ಸರ್ಕಾರವೇ ವಾಪಸ್ ಕರೆಸೋಕೆ ಆದೇಶಿಸಬಹುದು. ಅದಕ್ಕೂ ಮೊದಲು ದೂರು ಬರೆಸಬೇಕು.

ಕೊಳ್ಳೋ ಮುಂಚೆ ಕೇಳಿ

ಕಂಪನಿಗಳು ಮಾರಾಟದ ಕೌಂಟರ್ ತಾಲ್ಲೂಕಿಗೆ ತಂದವು, ಸ್ಕ್ಯಾನರ್ ಮತ್ತು ಕಲಿತ ಹುಡುಗನನ್ನ ಜಿಲ್ಲೆಯಲ್ಲೇ ಬಿಟ್ಟವು. ಗ್ರಾಹಕ ಕೇಳದ ತನಕ ಇದು ಬದಲಾಗಲ್ಲ. ಗ್ರಾಹಕನ ಮಾತಿಗೆ ಹೆಚ್ಚು ತೂಕ ಇರೋದು ದುಡ್ಡು ಕೊಡೋ ಮುಂಚೆ. ಹೆಲ್ಮೆಟ್ ಫ್ರೀ ಇದೆಯಾ, ಸೀಟ್ ಕವರ್ ಕೊಡ್ತೀರಾ ಅಂತ ಚೌಕಾಸಿ ಮಾಡೋ ಜಾಗದಲ್ಲೇ ಇನ್ನು ಮೂರು ಮಾತು ಕೇಳಬೇಕು: ನೀವು ಕಂಪನಿಯ ಅಧಿಕೃತ ಸಬ್ ಡೀಲರ್ರಾ, ಇಲ್ಲಾ ಎಲ್ಲಾ ಕಂಪನಿ ಗಾಡಿ ತಂದು ಮಾರೋರಾ? ಸ್ಕ್ಯಾನರ್ ಇಲ್ಲೇ ಇದೆಯಾ? ವಾರಂಟಿ ರಿಪೇರಿಗೆ ರಾಯಚೂರಿಗೆ ಒಯ್ಯಬೇಕಾದರೆ ಆ ಖರ್ಚು ಯಾರದು?

ಉತ್ತರವನ್ನ ಬಿಲ್ ಹಿಂದೆ ಬರೆಸಿಕೊಂಡು ಸೀಲ್ ಹಾಕಿಸಿ. ಬರೆಯೋಕೆ ಹಿಂದೆಮುಂದೆ ನೋಡಿದರೆ, ಪಕ್ಕದ ಶೋರೂಮಿಗೆ ಹೋಗೋಕೆ ಅದಕ್ಕಿಂತ ಒಳ್ಳೇ ಟೈಮ್ ಇಲ್ಲ.