ಮಕ್ಕಳಿಗೆ ರಜೆ ಸರಿ, ತೋಟದ ಕೆಲಸದವರು ಮನೆ ಸೇರೋದು ಹೇಗೆ?

ಮಡಿಕೇರಿ: ಕೊಡಗಿನಲ್ಲಿ ಮಳೆ ಜೋರಾಯ್ತು ಅಂದ್ರೆ ಎಲ್ಲರ ಮೊಬೈಲಿಗೂ ಮೊದಲು ಬರೋ ಸುದ್ದಿ ‘ನಾಳೆ ಶಾಲೆಗಳಿಗೆ ರಜೆ’. ನಾವು ಹಾಕೋ ಸುದ್ದಿಗಳಲ್ಲಿ ಇದರಷ್ಟು ಶೇರ್ ಆಗೋದು ಬೇರೆ ಇಲ್ಲ. ಆದ್ರೆ ಆದೇಶವನ್ನ ಪೂರ್ತಿ ಓದಿ ನೋಡಿ. ಅಂಗನವಾಡಿ, ಶಾಲೆ, ಪಿಯು ಕಾಲೇಜು, ಅಲ್ಲಿಗೆ ಮುಗೀತು. ಅದೇ ಮಳೆಯಲ್ಲಿ ಕೂಲಿಗೆ ಹೋಗೋ ಆ ಮಕ್ಕಳ ಅಪ್ಪ ಅಮ್ಮನ ಬಗ್ಗೆ ಅದರಲ್ಲಿ ಏನೂ ಇರಲ್ಲ.

ಮೊನ್ನೆ ಗಾಳಿ ಮಳೆಯ ದಿನ ಸಂಜೆ ಸೋಮವಾರಪೇಟೆ ಕಡೆಯಿಂದ ಬೈಕಲ್ಲಿ ಬರ್ತಿದ್ದೆ. ದೊಡ್ಡ ಸಿಲ್ವರ್ ಓಕ್ ಮರ ರಸ್ತೆಗೆ ಅಡ್ಡ ಬಿದ್ದಿತ್ತು, ಜೊತೆಗೆ ಕರೆಂಟ್ ತಂತಿ. ನನ್ನ ಮುಂದೆ ಒಂದು ಪಿಕಪ್, ಅದರಲ್ಲಿ ಟಾರ್ಪಾಲು ಹೊದ್ದು ಕೂತಿದ್ದ ತೋಟದ ಕೆಲಸದ ಹೆಂಗಸರು. ಬೆಳಿಗ್ಗೆಯಿಂದ ಕರೆಂಟ್ ಇಲ್ಲದೆ ಟವರ್ ಕೂಡ ಸತ್ತಿತ್ತು, ಯಾರಿಗೂ ಫೋನ್ ಹೋಗ್ತಿರಲಿಲ್ಲ. ಒಬ್ಬಾಕೆಗೆ ತನ್ನ ಚಿಂತೆ ಅಲ್ಲ, ಮಕ್ಕಳಿಬ್ಬರೇ ಮನೇಲಿದ್ದಾರೆ ಅನ್ನೋದು. ಶಾಲೆಗೆ ರಜೆ ಕೊಟ್ಟಿದ್ದರಿಂದಲೇ ಅವರು ಒಬ್ಬರೇ ಉಳಿದಿದ್ದು.

ಹಾಗಂತ ರಜೆ ಕೊಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ರೆಡ್ ಅಲರ್ಟ್ ಅಂದ್ರೆ ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆ, ನಮ್ಮ ತೋಟದವರ ಮಾತಲ್ಲಿ ಎಂಟು ಇಂಚು. 2018 ನೋಡಿದ ಜಿಲ್ಲೆ ಇದು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ರೈಲು ಇಲ್ಲದ ಜಿಲ್ಲೆ, ರಸ್ತೆ ಮುಚ್ಚಿದ್ರೆ ಎಲ್ಲಾ ಮುಚ್ಚಿದಂಗೆ.

ಲೈನ್ ಮನೆಯಲ್ಲೇ ಇರೋರು ಹೇಗೋ ನಡ್ಕೊಂಡು ಸೇರ್ತಾರೆ. ಹಾಡಿ, ಪೈಸಾರಿಗಳಿಂದ ಜೀಪು, ಪಿಕಪ್‌ನಲ್ಲಿ ಬರೋರ ಕಥೆ ಬೇರೆ. ಹೋಗದಿದ್ರೆ ಕೂಲಿ ಇಲ್ಲ. ಅರ್ಧ ದಿನಕ್ಕೆ ಎದ್ದು ಬರೋಣ ಅಂದ್ರೆ ಗಾಡಿ ಬರೋದೇ ಸಂಜೆಗೆ. ಲೈನ್‌ಮನ್‌ಗಳು, ಪೌರಕಾರ್ಮಿಕರು ಇಂಥ ದಿನ ಕೆಲಸಕ್ಕೆ ಬರಲೇಬೇಕು, ಅದು ಒಪ್ಪೋಣ. ಆದ್ರೆ ಕಳೆ ತೆಗೆಯೋದು, ಕಾಫಿ ಗಿಡದ ಚಿಗುರು ಕೀಳೋದು ಒಂದು ದಿನ ತಡ ಆದ್ರೆ ಏನಾಗುತ್ತೆ?

ಅಧಿಕಾರ ಇಲ್ಲ ಅನ್ನೋ ಹಾಗಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ, ವಾಹನ ಸಂಚಾರ ತಡೆಯೋ ಅಧಿಕಾರವೂ ಪ್ರಾಧಿಕಾರಕ್ಕಿದೆ. 2024ರ ಜುಲೈನಲ್ಲಿ ಕರ್ತೋಜಿ ಹತ್ರ ಹೆದ್ದಾರಿಗೆ ಅಪಾಯ ಬಂದಾಗ ಮಡಿಕೇರಿ–ಸಂಪಾಜೆ ಮಧ್ಯೆ ರಾತ್ರಿ ಸಂಚಾರ ನಿಲ್ಲಿಸಿದ್ರು. ಮಳೆಗಾಲ ಬಂದ್ರೆ ಮರದ ದಿಮ್ಮಿ, ಮರಳು ಸಾಗಿಸೋ ಭಾರಿ ಗಾಡಿಗಳಿಗೆ ನಿಷೇಧ ಹಾಕ್ತಾರೆ. ದಿಮ್ಮಿಗೆ ಒಂದು ಆದೇಶ ಇದೆ, ದಿಮ್ಮಿ ಕಡಿಯೋನಿಗೆ ಇಲ್ಲ.

ರಜೆ ಆದೇಶದಲ್ಲೇ ಎರಡು ಸಾಲು ಸೇರಿಸಬಹುದು: ರೆಡ್ ಅಲರ್ಟ್ ದಿನ ಕೂಲಿಯವರನ್ನ ಮಧ್ಯಾಹ್ನ ಎರಡಕ್ಕೇ ವಾಪಸ್ ಕಳಿಸಬೇಕು, ಕರ್ಕೊಂಡು ಬಂದ ಗಾಡಿಯಲ್ಲೇ. ಕೂಲಿ ಯಾರು ಕೊಡೋದು ಅನ್ನೋದಕ್ಕೆ ಬೆಳೆಗಾರರನ್ನೂ ಕೂರಿಸಿ ಮಾತಾಡಬೇಕು, ಅದನ್ನ ಮಳೆಗಾಲ ಶುರುವಾಗೋ ಮುಂಚೆ ಮಾಡಬೇಕು. ಅವತ್ತು ಪಕ್ಕದ ಊರಿನ ಹುಡುಗರು ಗರಗಸದ ಮಿಷನ್ ತಂದು ಮರ ಕೊಯ್ದು ದಾರಿ ಬಿಡಿಸೋ ಹೊತ್ತಿಗೆ ಎಂಟೂವರೆ ಆಗಿತ್ತು. ಪಿಕಪ್ ಇನ್ನೂ ಎರಡು ಹಾಡಿ ಮುಟ್ಟಬೇಕಿತ್ತು.