ಹಾಡಿನ ಲೆಕ್ಕ, ಭಾಗ 4: ಯಾವ ಖಾತೆಗೆ ಬರೀತೀರ?

2019ರ ಮಾರ್ಚ್. 19 ವರ್ಷದ ಕಪ್ಪು ಹುಡುಗ ಲಿಲ್ ನಾಸ್ ಎಕ್ಸ್‌ನ ‘ಓಲ್ಡ್ ಟೌನ್ ರೋಡ್’ ಅಮೆರಿಕದ ಬಿಲ್‌ಬೋರ್ಡ್ ಕಂಟ್ರಿ ಚಾರ್ಟಲ್ಲಿ 19ನೇ ಸ್ಥಾನಕ್ಕೆ ಬಂತು. ಬೆನ್ನಲ್ಲೇ ತೆಗೆದುಹಾಕಿದ್ರು. ಕಂಟ್ರಿ ಅಂಶ ಸಾಲಲ್ವಂತೆ!

ಕುದುರೆ, ಟೋಪಿ, ಬ್ಯಾಂಜೊ ಎಲ್ಲಾ ಇದೆ. ಆ ಬ್ಯಾಂಜೊನೂ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯವೇ.

ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರು. ಸರಿ, ಲೆಕ್ಕ ತೋರ್ಸಿ. ರ‍್ಯಾಪರ್ ನೆಲ್ಲಿ ಜೊತೆ ರೀಮಿಕ್ಸ್ ಆದ ಬಿಳಿಯರ ಜೋಡಿಯ ‘ಕ್ರೂಸ್’ ಅದೇ ಚಾರ್ಟಲ್ಲಿ ಒಟ್ಟು 24 ವಾರ ನಂ. 1 ಹೇಗಿತ್ತು?

ಜನಾನೇ ಉತ್ತರ ಕೊಟ್ರು: ಎಲ್ಲಾ ಬಗೆ ಹಾಡೂ ಸೇರೋ ಹಾಟ್ 100ರಲ್ಲಿ 19 ವಾರ ನಂ. 1. ಆಗಿನ ಹೊಸ ದಾಖಲೆ.

ಬಿಕಾಂ ಭಾಷೇಲಿ ಹೇಳ್ತೀನಿ: ಎಂಟ್ರಿ ಸರಿ ಇತ್ತು. ಖಾತೆ ಬರೆಯೋರ ಕಣ್ಣಲ್ಲೇ ದೋಷ.