ರೇಸಿನ ಹುಡುಗ ಮತ್ತು ಚರ್ಮದ ಉಡುಪು

ಅವಿನಾಶಿಯಲ್ಲಿ ಬನಿಯನ್ ಬಟ್ಟೆಯ ವ್ಯಾಪಾರ ಮಾಡುವ ಬಂಧುಗಳೊಬ್ಬರ ಮಗ ಬೈಕ್ ರೇಸಿಗೆ ಇಳಿಯಬೇಕೆಂದು ಹಟ ಹಿಡಿದಿದ್ದಾನೆ. ತಾಯಿಗೆ ಭಯ, ತಂದೆಗೆ ಖರ್ಚಿನ ಚಿಂತೆ. ನಮಗೆ ಕಾಣುವ ತೊಡಕು ಬೇರೆ.

ಹೆದ್ದಾರಿಯಲ್ಲಿ ಲಾರಿಗಳ ನಡುವೆ ನುಗ್ಗುವುದಕ್ಕಿಂತ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಎಷ್ಟೋ ವಾಸಿ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ರೇಸ್ ಪಟು ಎಸ್. ಕರಿವರ್ಧನ್ ಅವರ ಹೆಸರಿನಲ್ಲಿ 2003ರಲ್ಲಿ ಆರಂಭವಾದ ಈ ಪಥದ ಒಂದು ಸುತ್ತು 2.1 ಕಿಲೋಮೀಟರು. ಎದುರಿನಿಂದ ವಾಹನ ಬರುವುದಿಲ್ಲ. ಅಷ್ಟರ ಮಟ್ಟಿಗೆ ತಾಯಂದಿರು ಧೈರ್ಯ ತಾಳಬಹುದು.

ತೊಡಕು ಉಡುಪಿನದು. ರೇಸಿನವರು ಕುತ್ತಿಗೆಯಿಂದ ಕಾಲಿನವರೆಗೆ ತೊಡುವುದು ಚರ್ಮ, ಹೆಚ್ಚಾಗಿ ದನದ್ದು. ವೇಗದಲ್ಲಿ ಬಿದ್ದವನು ಡಾಂಬರಿನ ಮೇಲೆ ಉಜ್ಜಿಕೊಂಡು ಬಹುದೂರ ಜಾರುತ್ತಾನೆ. ನಮ್ಮ ಬನಿಯನ್ ಬಟ್ಟೆ ಅಲ್ಲಿ ಗಳಿಗೆಯೂ ನಿಲ್ಲದು. ಚರ್ಮದ ಬೆಲ್ಟು, ಪರ್ಸುಗಳನ್ನೇ ಬಿಟ್ಟ ಮನೆಗಳು ಇದಕ್ಕೆ ಏನೆನ್ನಬೇಕು? ಕೃತಕ ನೂಲಿನ ಗಟ್ಟಿ ಉಡುಪುಗಳೂ ಬಂದಿವೆ, ಆದರೆ ಯಾವುದು ನಡೆಯುತ್ತದೆಂದು ತೀರ್ಮಾನಿಸುವವರು ಸಂಘಟಕರು. ಪ್ರವೇಶ ಶುಲ್ಕ ಕಟ್ಟುವ ಮೊದಲೇ ನಿಯಮಾವಳಿ ತರಿಸಿ ಓದಿರಿ. ಚರ್ಮವೇ ಬೇಕೆಂದರೆ, ಮನಸ್ಸು ಒಪ್ಪದಿದ್ದರೆ, ತೆಳು ಬಟ್ಟೆಯಲ್ಲಂತೂ ಮಗನನ್ನು ಇಳಿಸಬೇಡಿ, ಅದೂ ಹಿಂಸೆಯೇ. ಈ ಸಲ ಗ್ಯಾಲರಿಯಲ್ಲಿ ಕುಳಿತು ನೋಡಲಿ. ಊಟದ ಡಬ್ಬಿ ಮಾತ್ರ ಮನೆಯಿಂದಲೇ ಹೋಗಲಿ.